ಮಳೆಮಾಪಕ ಸುಮ್ಮನಿದ್ದರೆ ಮಳೆ ಬಂದಿಲ್ಲ ಎಂದರ್ಥವೇ?

ದಾವಣಗೆರೆ ಜಿಲ್ಲೆಯ ಜಗಳೂರು ಎಂದರೆ ಹಲವರಿಗೆ ಮೊದಲು ನೆನಪಾಗುವುದು ಬರ. ಮುಂಗಾರು ಕೈಕೊಟ್ಟರೆ ಇಲ್ಲಿ ಮೆಕ್ಕೆಜೋಳ, ಶೇಂಗಾ ಬಿತ್ತಿದವರ ಇಡೀ ವರ್ಷದ ಲೆಕ್ಕ ತಲೆಕೆಳಗಾಗುತ್ತದೆ. ಬಂದ ಮಳೆಯೂ ಎಲ್ಲರಿಗೂ ಸಮನಾಗಿ ಬರುವುದಿಲ್ಲ. ಒಂದು ಊರಿನ ಹೊಲ ಕೆಸರಾಗಿದ್ದರೆ ಎರಡು ಮೈಲಿ ಆಚೆಯ ಹೊಲದಲ್ಲಿ ಧೂಳು ಏಳುತ್ತಿರುತ್ತದೆ. ತಾಲ್ಲೂಕಿಗೆ ಒಂದೇ ಮಾಪಕ ಇಟ್ಟು ಅಳೆದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಅದಕ್ಕಾಗಿಯೇ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇ ಅಳೆದು ಸುದ್ದಿ ಕಳಿಸುವ ಮಳೆಮಾಪಕಗಳನ್ನು ಇಟ್ಟಿದೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ಈ ಸಂಸ್ಥೆಯ ಜಾಲದಲ್ಲಿ ಇಂದು ಆರು ಸಾವಿರಕ್ಕೂ ಹೆಚ್ಚು ಮಾಪಕಗಳಿವೆ. ಬಿಸಿಲಿನಿಂದ ವಿದ್ಯುತ್ ಪಡೆದು, ಮೊಬೈಲ್ ಜಾಲದ ಮೂಲಕ 15 ನಿಮಿಷಕ್ಕೊಮ್ಮೆ ಅವು ಮಾಹಿತಿ ರವಾನಿಸುತ್ತವೆ. ಅಂದರೆ ದಿನಕ್ಕೆ 96 ಸಲ.

ಹಾಗಾದರೆ ಒಂದು ಮಾಪಕದಿಂದ ಎರಡು ಗಂಟೆ ಏನೂ ಬರಲಿಲ್ಲ ಎಂದುಕೊಳ್ಳಿ. ಅಲ್ಲಿ ಮಳೆ ಆಗಿಲ್ಲ ಎಂದು ಬರೆದುಕೊಳ್ಳಬಹುದೇ? ಬಹಳ ಮಂದಿ ಹಾಗೆಯೇ ತಿಳಿಯುತ್ತಾರೆ. ಅದು ತಪ್ಪು. ಏಕೆ ಎಂದು ನೋಡೋಣ.

ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವುದು ಹೇಗೆ?

ಮಾಪಕದೊಳಗಿನ ಯಂತ್ರಕ್ಕೆ ಅದರದೇ ತಂತ್ರಾಂಶ ಇರುತ್ತದೆ. ಆದರೆ ಅದರ ಹಿಂದಿನ ತತ್ವವನ್ನು ಯಾವುದೇ ಲಿನಕ್ಸ್ ಕಂಪ್ಯೂಟರಿನಲ್ಲಿ ನೋಡಬಹುದು. ಅಲ್ಲಿ ಈ ಕೆಲಸ ಮಾಡುವ ಸಲಕರಣೆಯ ಹೆಸರು ಕ್ರಾನ್. 1970ರ ದಶಕದಲ್ಲಿ ಯುನಿಕ್ಸ್ ಜೊತೆ ಬಂದ ಇದು ಇಂದಿಗೂ ಬಳಕೆಯಲ್ಲಿದೆ. ಕ್ರಾನ್ ನಿಮಿಷಕ್ಕೊಮ್ಮೆ ಎದ್ದು ತನ್ನ ಪಟ್ಟಿಯನ್ನು ನೋಡುತ್ತದೆ, ಆ ನಿಮಿಷಕ್ಕೆ ಹೊಂದುವ ಕೆಲಸ ಇದ್ದರೆ ನಡೆಸುತ್ತದೆ. ಆ ಪಟ್ಟಿಯೇ ಕ್ರಾನ್‌ಟ್ಯಾಬ್.

ಪಟ್ಟಿಯ ಪ್ರತಿ ಸಾಲಿನಲ್ಲೂ ಮೊದಲು ಐದು ಅಂಕಣಗಳು: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ನಂತರ ಮಾಡಬೇಕಾದ ಕೆಲಸ. ನಕ್ಷತ್ರ ಚಿಹ್ನೆ ಎಂದರೆ ‘ಯಾವುದಾದರೂ ಸರಿ’.

*/15 * * * * /ಮಳೆ/ಅಳತೆ
35 8 * * * /ಮಳೆ/ದಿನದಲೆಕ್ಕ >> /ಮಳೆ/ದಾಖಲೆ 2>&1

ಮೊದಲ ಸಾಲು ಪ್ರತಿ ಗಂಟೆಯ 0, 15, 30, 45ನೇ ನಿಮಿಷಕ್ಕೆ ಅಳತೆ ಮಾಡಿಸುತ್ತದೆ. ನೀವು ಚಾಲೂ ಮಾಡಿದ ಹೊತ್ತಿನಿಂದ 15 ನಿಮಿಷ ಎಣಿಸುವುದಲ್ಲ, ಗಡಿಯಾರ ನೋಡಿ ಎಣಿಸುವುದು. ಎರಡನೆಯ ಸಾಲು ಬೆಳಗ್ಗೆ 8.35ಕ್ಕೆ ದಿನದ ಲೆಕ್ಕ ಕೂಡಿಸುತ್ತದೆ. ನಮ್ಮ ದೇಶದಲ್ಲಿ ಮಳೆಯ ‘ದಿನ’ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ. ಕೊನೆಯ ಅಳತೆ ಬಂದು ತಲುಪಲಿ ಎಂದು ಐದು ನಿಮಿಷ ಬಿಟ್ಟಿದ್ದೇವೆ.

ಎಲ್ಲಿ ಎಡವುತ್ತೇವೆ?

*ಗಡಿಯಾರ:* ಅನೇಕ ಸರ್ವರ್‌ಗಳ ಗಡಿಯಾರ ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿರುತ್ತದೆ. ಅಂಥ ಕಡೆ ಮೇಲಿನ ಎರಡನೆಯ ಸಾಲು ನಮ್ಮ ಮಧ್ಯಾಹ್ನ 2.05ಕ್ಕೆ ಓಡುತ್ತದೆ. ಅಲ್ಲಿ ‘5 3 * * *’ ಎಂದು ಬರೆಯಬೇಕು.

*ದಾರಿ:* ಕೈಯಾರೆ ಓಡಿಸಿದಾಗ ಸರಿಯಿದ್ದ ಕೆಲಸ ಕ್ರಾನ್‌ನಲ್ಲಿ ನಡೆಯುವುದಿಲ್ಲ ಎಂಬುದು ಸಾಮಾನ್ಯ ದೂರು. ನಿಮ್ಮ ಖಾತೆಗೆ ಗೊತ್ತಿರುವ ಕಡತಕೋಶಗಳೆಲ್ಲ ಕ್ರಾನ್‌ಗೆ ಗೊತ್ತಿರುವುದಿಲ್ಲ. ಆದ್ದರಿಂದ ಕಡತದ ಪೂರ್ತಿ ವಿಳಾಸ ಕೊಡಬೇಕು.

*ಫಲಿತಾಂಶ:* ಕೆಲಸ ಏನಾದರೂ ಹೇಳಿದರೆ ಕ್ರಾನ್ ಅದನ್ನು ಇಮೇಲ್ ಮಾಡಲು ನೋಡುತ್ತದೆ. ಆ ಕಂಪ್ಯೂಟರಿನಲ್ಲಿ ಇಮೇಲ್ ವ್ಯವಸ್ಥೆಯೇ ಇಲ್ಲದಿದ್ದರೆ ದೋಷದ ಸುದ್ದಿಯೂ ನಿಮ್ಮನ್ನು ತಲುಪುವುದಿಲ್ಲ. ಅದಕ್ಕೇ ಸಾಲಿನ ಕೊನೆಗೆ >> ಹಾಕಿ ದಾಖಲೆ ಕಡತಕ್ಕೆ ಸೇರಿಸಿದ್ದೇವೆ. 2>&1 ಎಂದರೆ ದೋಷದ ಮಾತುಗಳೂ ಅದೇ ಕಡತಕ್ಕೆ ಹೋಗಲಿ ಎಂದು.

*ತಪ್ಪಿದ ಸರದಿ:* ಕಂಪ್ಯೂಟರ್ ಆಫ್ ಆಗಿದ್ದಾಗ ತಪ್ಪಿಹೋದ ಕೆಲಸವನ್ನು ಕ್ರಾನ್ ಆಮೇಲೆ ಮಾಡುವುದಿಲ್ಲ. ಅದು ತಪ್ಪಿತು ಎಂದು ಯಾರಿಗೂ ಹೇಳುವುದೂ ಇಲ್ಲ.

ಸೊನ್ನೆ ಬೇರೆ, ಖಾಲಿ ಬೇರೆ

ಈ ಕೊನೆಯ ಮಾತೇ ನಮ್ಮ ಪ್ರಶ್ನೆಗೆ ಉತ್ತರ. ಬ್ಯಾಟರಿ ಕುಸಿದರೂ, ಸಿಗ್ನಲ್ ಹೋದರೂ, ಯಂತ್ರ ಕೆಟ್ಟರೂ ದೂರದಲ್ಲಿ ಕಾಣುವುದು ಒಂದೇ: ಮೌನ. ಕಾರ್ಮೋಡ ಕಟ್ಟಿದಾಗ ಬಿಸಿಲು ಇರುವುದಿಲ್ಲ, ಗುಡುಗು ಸಿಡಿಲಿಗೆ ಮೊಬೈಲ್ ಗೋಪುರವೂ ನಿಲ್ಲಬಹುದು. ಅಂದರೆ ಜೋರು ಮಳೆಯ ಹೊತ್ತಿನಲ್ಲೇ ಮಾಪಕ ಮೌನವಾಗುವ ಸಾಧ್ಯತೆ ಇದೆ. ಆ ಮೌನವನ್ನು ‘ಮಳೆ ಇಲ್ಲ’ ಎಂದು ಓದಿದರೆ ನಿಜಕ್ಕೆ ಪೂರ್ತಿ ವಿರುದ್ಧವಾದ ಉತ್ತರ ಸಿಗುತ್ತದೆ.

ಇದನ್ನು ತಡೆಯಲು ಮೂರು ಸರಳ ಉಪಾಯಗಳಿವೆ.

ಒಂದು, ಮಳೆ ಇಲ್ಲದಾಗಲೂ ‘0’ ಎಂದು ಕಳಿಸಲೇಬೇಕು. ಆಗ ಸೊನ್ನೆ ಬಂದರೆ ಮಾಪಕ ಎಚ್ಚರವಿದೆ ಎಂದರ್ಥ. ಜೊತೆಗೆ ಸಮಯವನ್ನೂ ಬ್ಯಾಟರಿಯ ಮಟ್ಟವನ್ನೂ ಕಳಿಸಿದರೆ ಇನ್ನೂ ಒಳ್ಳೆಯದು.

ಎರಡು, 15 ನಿಮಿಷದ ಮಳೆಯನ್ನಷ್ಟೇ ಅಲ್ಲ, ಅಲ್ಲಿಯವರೆಗಿನ ಒಟ್ಟು ಮೊತ್ತವನ್ನೂ ಕಳಿಸಬೇಕು. ಸಂಜೆ 4ಕ್ಕೆ ಒಟ್ಟು 412 ಮಿ.ಮೀ. ಇದ್ದು, ಸಂಪರ್ಕ ತಪ್ಪಿ, 6ಕ್ಕೆ 431.5 ಎಂದು ಬಂದರೆ ನಡುವೆ 19.5 ಮಿ.ಮೀ. ಸುರಿದಿದೆ ಎಂದು ತಿಳಿಯುತ್ತದೆ. ಎಷ್ಟು ಹೊತ್ತಿಗೆ ಎಂಬುದು ಕಳೆದುಹೋದರೂ ಮಳೆ ಕಳೆದುಹೋಗುವುದಿಲ್ಲ.

ಮೂರು, ಸುದ್ದಿ ಬರದಿದ್ದರೆ ಕೂಗಿ ಹೇಳುವ ಕೆಲಸವನ್ನು ಕಳಿಸುವ ಯಂತ್ರಕ್ಕೆ ಬಿಡಬಾರದು. ಸತ್ತ ಯಂತ್ರ ತಾನು ಸತ್ತೆ ಎಂದು ಹೇಳಲಾರದು. ಪಡೆಯುವ ಕಡೆಯಲ್ಲಿ ಇನ್ನೊಂದು ಕೆಲಸ ಗಡಿಯಾರ ನೋಡುತ್ತ, ಮುಕ್ಕಾಲು ಗಂಟೆ ಏನೂ ಬರದಿದ್ದರೆ ಎಚ್ಚರಿಸಬೇಕು. ದಿನದ ಲೆಕ್ಕದಲ್ಲೂ ‘12 ಮಿ.ಮೀ., 96ರಲ್ಲಿ 90 ಅಳತೆ’ ಎಂದು ಬರೆದರೆ ಓದುವವರಿಗೆ ಅದರ ತೂಕ ತಿಳಿಯುತ್ತದೆ.

ಇಷ್ಟೆಲ್ಲ ಏಕೆ ಮುಖ್ಯ?

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಲಾಯಿತು. ಇಂಥ ನಿರ್ಧಾರದಲ್ಲಿ ಮಳೆಯ ಕೊರತೆಯೂ ಮಳೆಯಿಲ್ಲದ ವಾರಗಳೂ ಲೆಕ್ಕಕ್ಕೆ ಬರುತ್ತವೆ. ಅಡಿಕೆಯಂಥ ತೋಟಗಾರಿಕೆ ಬೆಳೆಗಳಿಗಿರುವ ಹವಾಮಾನ ಆಧಾರಿತ ವಿಮೆಯಲ್ಲಂತೂ ಪರಿಹಾರ ನಿಲ್ಲುವುದೇ ಮಾಪಕಗಳ ಅಂಕಿಯ ಮೇಲೆ. ಖಾಲಿ ಜಾಗಕ್ಕೆ ಸೊನ್ನೆ ತುಂಬಿದರೆ ಅತಿವೃಷ್ಟಿಯಿಂದ ನಷ್ಟವಾದವರಿಗೆ ಅನ್ಯಾಯ. ಪಕ್ಕದ ಊರಿನ ಮಳೆ ತುಂಬಿದರೆ ಬೆಳೆ ಒಣಗಿದವರಿಗೆ ಅನ್ಯಾಯ. ಖಾಲಿಯನ್ನು ಖಾಲಿ ಎಂದೇ ತೋರಿಸಿದರೆ ಮಾತ್ರ ಅದನ್ನು ಪ್ರಶ್ನಿಸಲು, ಪರಿಶೀಲಿಸಲು ದಾರಿ ಇರುತ್ತದೆ.

ಒಂದು ಎಚ್ಚರಿಕೆ. ಹೊತ್ತಿಗೆ ಸರಿಯಾಗಿ ಬಂದ ಸೊನ್ನೆಯೂ ಸುಳ್ಳಾಗಿರಬಹುದು. ಆಲಿಕೆಯಲ್ಲಿ ಒಣಗಿದ ಎಲೆ, ಹಕ್ಕಿಯ ಹಿಕ್ಕೆ, ಜೇಡನ ಬಲೆ ಸೇರಿದರೆ ನೀರು ಒಳಗೆ ಇಳಿಯುವುದಿಲ್ಲ. ಯಂತ್ರ ಮಾತ್ರ ನಿಷ್ಠೆಯಿಂದ ‘0’ ಕಳಿಸುತ್ತಲೇ ಇರುತ್ತದೆ. ಇದನ್ನು ಕ್ರಾನ್ ಕಂಡುಹಿಡಿಯಲಾರದು. ಸುತ್ತಲಿನ ಮಾಪಕಗಳೊಂದಿಗೆ ಹೋಲಿಸಬೇಕು, ಆಗಾಗ ಯಾರಾದರೂ ಹೋಗಿ ಆಲಿಕೆಯನ್ನು ಸ್ವಚ್ಛ ಮಾಡಬೇಕು. ನಿಮ್ಮ ಪಂಚಾಯಿತಿಯ ಮಾಪಕದ ಮೇಲೆ ಮರದ ಕೊಂಬೆ ಚಾಚಿದೆಯೇ? ಮುಂದಿನ ಸಲ ಆ ಕಡೆ ಹೋದಾಗ ಒಮ್ಮೆ ನೋಡಿ. ಇದ್ದರೆ ಪಂಚಾಯಿತಿಗೆ ತಿಳಿಸಿ.