ಕಲ್ಯಾಣದ ಅರಸನ ಕುಡಿಯುವ ನೀರು

ಬಸವಕಲ್ಯಾಣದ ಬಳಿಯ ನಾರಾಯಣಪುರದಲ್ಲಿ ಚಾಲುಕ್ಯರ ಕಾಲದ ಶಿವಾಲಯವೊಂದಿದೆ. ಅದರ ಶಿಲ್ಪವನ್ನು ಮೆಚ್ಚಿ ಹಿಂತಿರುಗುವವರಲ್ಲಿ, ಅದೇ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನು ಕುಡಿಯುವ ನೀರನ್ನು ಕುರಿತೂ ಬರೆದನೆಂದು ಬಲ್ಲವರು ವಿರಳ. 1129ರ ಸುಮಾರಿನಲ್ಲಿ ಆತನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅನ್ನಕ್ಕಿರುವಂತೆ ನೀರಿಗೂ ಒಂದು ಪ್ರಕರಣವುಂಟು. ತಾಜಾ ನೀರನ್ನು ಅಮೃತವೆಂದೂ ಅಲ್ಲದ್ದನ್ನು ವಿಷವೆಂದೂ ಕರೆದ. ಶರತ್ಕಾಲಕ್ಕೆ ಮಳೆಯ ನೀರು, ಬೇಸಗೆಗೆ ಒರತೆಯದು, ಚಳಿಗಾಲಕ್ಕೆ ಹೊಳೆ ಕೆರೆಗಳದು. ಶುಭ್ರವಾದ ಬಟ್ಟೆಯಲ್ಲಿ ಸೋಸಬೇಕು, ತ್ರಿಫಲೆಯಿಂದ ಸಂಸ್ಕರಿಸಬೇಕು, ಮೇಲೆ ಪಾದರಿ, ಸಂಪಗೆ, ಕರ್ಪೂರದ ಕಂಪು! ಕರ್ಪೂರ ಅರಸನಿಗಿರಲಿ, ಸೋಸುವ ಬಟ್ಟೆ ಬಡವನಿಗೂ ಎಟಕುವಂಥದು.

ಲೋಟಗಳ ಎಣಿಕೆ ಈಚಿನದು. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣ ಮಂಡಲಿಯು ವಯಸ್ಕರಿಗೆ ದಿನಕ್ಕೆ 2.5 ಲೀಟರು ನೀರು ತಕ್ಕುದೆಂದಿತು. ಅದರ ಬಹುಪಾಲು ಆಹಾರದಲ್ಲಿಯೇ ಇದೆಯೆಂದೂ ಸೇರಿಸಿತು. ಜನರು ಈ ಎರಡನೆಯ ಮಾತನ್ನು ಮರೆತರು. 2002ರಲ್ಲಿ ಮೂತ್ರಪಿಂಡ ತಜ್ಞ ಹೈನ್ಸ್ ವಾಲ್ಟಿನ್ ಅರಸಿ ನೋಡಿದರೂ 'ಎಂಟು ಲೋಟ'ಕ್ಕೆ ವೈಜ್ಞಾನಿಕ ಆಧಾರ ದೊರೆಯಲಿಲ್ಲ. ಬೀದರಿನ ಬಿಸಿಲಲ್ಲಿ ಉಳುವವನಿಗೂ ಕಚೇರಿಯ ಫ್ಯಾನಿನಡಿ ಕುಳಿತವನಿಗೂ ಒಂದೇ ಲೆಕ್ಕ ಸಲ್ಲುವುದಾದರೂ ಹೇಗೆ? ಆರೋಗ್ಯವಂತರಿಗೆ ಬಾಯಾರಿಕೆಯೇ ಬಹುಮಟ್ಟಿಗೆ ಸಾಕು. ಮುದುಕರಿಗೆ ಮಾತ್ರ ಅದು ಮಂದವಾಗುತ್ತದೆ. ಮನೆಯವರು ಆಗಾಗ ನೀರು ತಂದುಕೊಡಬೇಕಾದದ್ದು ಅವರಿಗೆ.