ವೈದ್ಯರ ಕಣ್ಣಿಗೆ ಬಿದ್ದ ಬೆಲೆ

ಅಂಗಡಿಯಲ್ಲಿ ಬೆಲೆ ಕೇಳುವವನೂ ಹಣ ಕೊಡುವವನೂ ಒಬ್ಬನೇ. ಆಸ್ಪತ್ರೆಯಲ್ಲಿ ಈ ಕ್ರಮ ನಡೆಯುವುದಿಲ್ಲ. ಪರೀಕ್ಷೆ ಬೇಕೋ ಬೇಡವೋ ಎಂದು ನಿರ್ಧರಿಸುವವರು ವೈದ್ಯರು. ರಕ್ತ ಕೊಡುವವನು ರೋಗಿ. ಹಣ ತೆರುವವರು ಮನೆಯವರೋ ವಿಮೆಯವರೋ ಸರ್ಕಾರವೋ. ಚೀಟಿ ಬರೆಯುವ ಕೈಗೆ ಅನೇಕ ವೇಳೆ ಬೆಲೆಯೇ ತಿಳಿದಿರುವುದಿಲ್ಲ. ತಿಳಿಸಿದರೆ ಏನಾದೀತು? ಅಮೆರಿಕದ ಆಸ್ಪತ್ರೆಗಳು ಈ ಪ್ರಶ್ನೆಗೆ ಉತ್ತರ ಹುಡುಕಿದ ಬಗೆ ನಮಗೂ ಯೋಚನೆಗೆ ಹಚ್ಚುವಂಥದು.

ಅಲ್ಲಿ 1965ರಲ್ಲಿ ಹಿರಿಯರಿಗಾಗಿ ಮೆಡಿಕೇರ್ ಯೋಜನೆ ಬಂದಾಗ, ಆಸ್ಪತ್ರೆ ಮಾಡಿದ ವೆಚ್ಚವನ್ನು ಸರ್ಕಾರ ತುಂಬಿಕೊಡುತ್ತಿತ್ತು. 1983ರಲ್ಲಿ ಪದ್ಧತಿ ಬದಲಾಯಿತು: ಒಳರೋಗಿಯ ಕಾಯಿಲೆಯ ವರ್ಗಕ್ಕೆ ತಕ್ಕಂತೆ ಮೊದಲೇ ಗೊತ್ತುಮಾಡಿದ ಮೊತ್ತ ಮಾತ್ರ. ಅನಗತ್ಯ ಪರೀಕ್ಷೆ ಆಗ ಆಸ್ಪತ್ರೆಗೇ ಹೊರೆಯಾಯಿತು. ಅದೇ ಕಾಲಕ್ಕೆ ಕಂಪ್ಯೂಟರು ವೈದ್ಯರ ಮೇಜಿಗೆ ಬರತೊಡಗಿತ್ತು.

ಇಂಡಿಯಾನಾಪೊಲಿಸ್ ನಗರದ ರೀಜೆನ್‌ಸ್ಟ್ರೀಫ್ ಸಂಸ್ಥೆಯ ವಿಲಿಯಂ ಟಿಯರ್ನಿ ಮತ್ತು ಸಂಗಡಿಗರು ಹೊರರೋಗಿ ವಿಭಾಗದ ಅರ್ಧದಷ್ಟು ವೈದ್ಯರಿಗೆ, ಪರೀಕ್ಷೆ ಬರೆಯುವ ಕ್ಷಣದಲ್ಲೇ ಪರದೆಯ ಮೇಲೆ ಅದರ ದರವನ್ನೂ ಆ ರೋಗಿಯ ಅಂದಿನ ಒಟ್ಟು ಮೊತ್ತವನ್ನೂ ತೋರಿಸಿದರು. 1990ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬೆಲೆ ಕಂಡ ವೈದ್ಯರು ಬರೆದ ಪರೀಕ್ಷೆಗಳು ಶೇ. 14ರಷ್ಟು, ಅವುಗಳ ಮೊತ್ತ ಶೇ. 13ರಷ್ಟು ಕಡಿಮೆಯಾಗಿದ್ದವು. ಆದರೆ ಪರದೆಯಿಂದ ಬೆಲೆ ಮರೆಯಾದ ಕೆಲವೇ ತಿಂಗಳಲ್ಲಿ ಆ ಮಿತವ್ಯಯವೂ ಮರೆಯಾಯಿತು. ಬೆಲೆ ಕಣ್ಣೆದುರು ಇದ್ದಷ್ಟು ಕಾಲವೇ ಮನಸ್ಸಿನಲ್ಲೂ ಇತ್ತು.

ಮುಂದಿನ ಉತ್ತರಗಳು ಒಂದೇ ದಿಕ್ಕಿನವಲ್ಲ. ಬೋಸ್ಟನ್ನಿನ ಬ್ರಿಗಮ್ ಆಸ್ಪತ್ರೆಯ ಒಳರೋಗಿಗಳಲ್ಲಿ ನಡೆಸಿದ ಅಧ್ಯಯನ 1997ರಲ್ಲಿ ಪ್ರಕಟವಾದಾಗ, ಕಂಡುಬಂದ ಇಳಿಕೆ ಖಚಿತವೆನ್ನುವಷ್ಟು ದೊಡ್ಡದಾಗಿರಲಿಲ್ಲ. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ 61 ಪರೀಕ್ಷೆಗಳನ್ನು ಎರಡು ಗುಂಪುಗಳಾಗಿ ಹಂಚಲಾಯಿತು. 2013ರ ವರದಿಯ ಪ್ರಕಾರ, ದರ ತೋರಿಸಿದ ಪರೀಕ್ಷೆಗಳು ಶೇ. 8.6ರಷ್ಟು ಇಳಿದರೆ, ತೋರಿಸದವು ಶೇ. 5.6ರಷ್ಟು ಏರಿದ್ದವು. ಭರವಸೆ ಮತ್ತೆ ಚಿಗುರಿತು.

ಅದನ್ನು ಒರೆಗೆ ಹಚ್ಚಿದ್ದು ಫಿಲಡೆಲ್ಫಿಯಾ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೂರು ಆಸ್ಪತ್ರೆಗಳಲ್ಲಿ ಸುಮಾರು 98,000 ರೋಗಿಗಳನ್ನು ಒಳಗೊಂಡ ಪ್ರಯೋಗದ ಫಲಿತಾಂಶ 2017ರಲ್ಲಿ ಹೊರಬಂದಿತು: ಒಟ್ಟಾರೆ ಹೇಳಿಕೊಳ್ಳುವಂಥ ಬದಲಾವಣೆಯೇ ಇಲ್ಲ. ಅತಿ ದುಬಾರಿ ಪರೀಕ್ಷೆಗಳು ತುಸು ಇಳಿದಿದ್ದವು. ಅತಿ ಅಗ್ಗದವು ತುಸು ಏರಿದ್ದವು. ಬೆಲೆ ಎಚ್ಚರಿಸುವಂತೆಯೇ 'ಇಷ್ಟೇ ತಾನೆ' ಎಂಬ ಸಲಿಗೆಯನ್ನೂ ಕೊಡಬಲ್ಲದು. ಅಲ್ಲದೆ ದಾಖಲಾದ ದಿನವೇ 'ದಿನಕ್ಕೊಮ್ಮೆ ರಕ್ತಪರೀಕ್ಷೆ' ಎಂದು ಬರೆದುಬಿಟ್ಟರೆ, ಮರುದಿನ ಪರೀಕ್ಷೆ ನಡೆಯುತ್ತದೆ. ವೈದ್ಯರು ಬೆಲೆ ಕಾಣುವ ಸಂದರ್ಭವೇ ಬರುವುದಿಲ್ಲ.

ಅದೇ 2017ರ ಫೆಬ್ರುವರಿಯಲ್ಲಿ ಭಾರತ ಬೇರೊಂದು ದಾರಿ ಹಿಡಿಯಿತು. ಹೃದಯದ ಸ್ಟೆಂಟುಗಳಿಗೆ ಸರ್ಕಾರವೇ ಗರಿಷ್ಠ ಬೆಲೆ ಕಟ್ಟಿತು: ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಬರಿಯ ಲೋಹದ್ದಕ್ಕೆ 7,260. ಇನ್ನು ದರಪಟ್ಟಿಯ ಮಾತು: ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಾಗಲಿ, ಕೇಂದ್ರದ 2012ರ ನಿಯಮಗಳಾಗಲಿ ಅದನ್ನು ತೂಗುಹಾಕಲು ಹೇಳುವುದು ರೋಗಿಯ ಕಣ್ಣಿಗೆ ಬೀಳುವಂತೆ. ಅದು ಅವನ ಹಕ್ಕು, ನಿಜ. ಆದರೆ ಎದೆನೋವಿನಿಂದ ಬಂದವನು ಗೋಡೆಯ ಪಟ್ಟಿ ಓದಿ ಪರೀಕ್ಷೆ ಆರಿಸಿಕೊಳ್ಳುವನೇ? ಆರಿಸುವವರು ಒಳಗೆ ಕುಳಿತ ವೈದ್ಯರು.

ವೈದ್ಯರಿಗೆ ಬೆಲೆ ತೋರಿಸುವುದು ಪವಾಡವಲ್ಲವೆಂದು ಮೂರು ದಶಕಗಳ ಈ ಪ್ರಯೋಗಗಳು ತಿಳಿಸುತ್ತವೆ, ವ್ಯರ್ಥವೆಂದು ಹೇಳುವುದಿಲ್ಲ. ವಿಮೆಯಿರುವ ಅಮೆರಿಕದ ರೋಗಿಯ ಪಾಲಿಗೆ ಆ ಅಂಕಿ ಬಹುಪಾಲು ಇನ್ನೊಬ್ಬರ ಲೆಕ್ಕ. ಕೈಯಿಂದಲೇ ಹಣ ತೆರಬೇಕಾದ ನಮ್ಮ ಎಷ್ಟೋ ಮನೆಗಳಲ್ಲಿ ಅದು ಅಡವಿಟ್ಟ ಬಳೆಯ ಲೆಕ್ಕ. ಪರದೆಯಲ್ಲಿ ಬೆಲೆ ಇರಲಿ ಬಿಡಲಿ, 'ಈ ಪರೀಕ್ಷೆಯಿಂದ ಚಿಕಿತ್ಸೆ ಬದಲಾಗುವುದೇ?' ಎಂದು ಚೀಟಿ ಬರೆಯುವ ಮುನ್ನ ವೈದ್ಯರು ತಮ್ಮನ್ನು ಕೇಳಿಕೊಂಡರೆ, ಆ ಬಳೆ ಕೆಲವೊಮ್ಮೆಯಾದರೂ ಕೈಯಲ್ಲೇ ಉಳಿದೀತು.