ನೆರೆವಿಮೆ: ಮುಳುಗಿದ ಮನೆಯನ್ನು ಅಲ್ಲಿಯೇ ಮತ್ತೆ ಕಟ್ಟಬೇಕೆ?

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳ ಅವಧಿಯಲ್ಲಿ 944 ಮಿ.ಮೀ. ಮಳೆ ಸುರಿಯಿತು. ಮಿಠಿ ನದಿ ಉಕ್ಕಿ ಕುರ್ಲಾ, ಕಲೀನಾ ಪರಿಸರದ ನೆಲಮಹಡಿಯ ಮನೆಗಳು ಜಲಾವೃತವಾದವು. 2015ರ ಡಿಸೆಂಬರ್‌ನಲ್ಲಿ ಚೆನ್ನೈಯ ಅಡ್ಯಾರ್ ನದಿ ಇದೇ ದೃಶ್ಯವನ್ನು ಪುನರಾವರ್ತಿಸಿತು. ನೀರು ಇಳಿದ ಮೇಲೆ ಎರಡು ಪ್ರಶ್ನೆಗಳು ಉಳಿಯುತ್ತವೆ: ಮನೆಯನ್ನು ಅದೇ ಜಾಗದಲ್ಲಿ ಕಟ್ಟಬೇಕೆ? ಅದರ ವೆಚ್ಚವನ್ನು ಯಾರು ಭರಿಸಬೇಕು?

ವಿಮೆಯ ತತ್ತ್ವ

ಹಲವರು ಅಲ್ಪಸ್ವಲ್ಪ ಕೂಡಿಸಿ, ಕಷ್ಟಕ್ಕೆ ಸಿಲುಕಿದ ಕೆಲವರಿಗೆ ನೆರವಾಗುವುದೇ ವಿಮೆ. ಬೆಂಕಿ ಬಿದ್ದರೆ ಸಾಮಾನ್ಯವಾಗಿ ಒಂದೆರಡು ಮನೆಗಳು ಸುಡುತ್ತವೆ. ನೆರೆ ಬಂದರೆ ಇಡೀ ಬಡಾವಣೆಯೇ ಮುಳುಗುತ್ತದೆ. ಅದು ಮರಳಿ ಬರುವುದೂ ಅದೇ ತಗ್ಗಿಗೆ. ಎತ್ತರದಲ್ಲಿರುವವರು ನೆರೆವಿಮೆ ಕೊಳ್ಳಲು ಮುಂದಾಗುವುದಿಲ್ಲ. ಆದುದರಿಂದ ಈ ವಿಮೆಯನ್ನು ಖಾಸಗಿ ಸಂಸ್ಥೆಗಳಷ್ಟೇ ನಡೆಸುವುದು ಕಷ್ಟ.

ಅಮೆರಿಕದ ಅನುಭವ

1965ರ ಬೆಟ್ಸಿ ಚಂಡಮಾರುತದ ಹಾನಿಯ ತರುವಾಯ, 1968ರಲ್ಲಿ ಅಮೆರಿಕ ಸರಕಾರವು ರಾಷ್ಟ್ರೀಯ ನೆರೆವಿಮಾ ಯೋಜನೆಯನ್ನು ಆರಂಭಿಸಿತು. ಮನೆಗೆ ಗರಿಷ್ಠ 2.5 ಲಕ್ಷ ಡಾಲರ್, ಒಳಗಿನ ಸಾಮಾನುಗಳಿಗೆ 1 ಲಕ್ಷ ಡಾಲರ್ ರಕ್ಷಣೆ. ನೆರೆಪ್ರದೇಶದಲ್ಲಿ ಹಾನಿಯು ಮನೆಯ ಮೌಲ್ಯದ ಅರ್ಧಕ್ಕೆ ತಲುಪಿದರೆ, ಮರುನಿರ್ಮಾಣವು ಇಂದಿನ ನಿಯಮಾನುಸಾರ ಎತ್ತರದಲ್ಲಿ ಆಗಬೇಕು. ಅದಕ್ಕಾಗಿ 30,000 ಡಾಲರ್‌ವರೆಗೆ ಹೆಚ್ಚುವರಿ ನೆರವೂ ಇದೆ.

ಉದ್ದೇಶ ಉದಾತ್ತವಾದುದೇ. ಆದರೆ ಹಳೆಯ ಮನೆಗಳಿಗೆ ರಿಯಾಯಿತಿ ಕಂತು ದೊರೆತುದರಿಂದ ನಿಜವಾದ ಅಪಾಯ ಮರೆಯಾಯಿತು. ನೂರರಲ್ಲಿ ಒಂದೆರಡು ಮನೆಗಳು ಮತ್ತೆ ಮತ್ತೆ ಮುಳುಗಿ, ಒಟ್ಟು ಪರಿಹಾರದ ಕಾಲುಭಾಗಕ್ಕೂ ಹೆಚ್ಚನ್ನು ಪಡೆದವು. 2005ರ ಕತ್ರೀನಾ ಚಂಡಮಾರುತದಿಂದ ಯೋಜನೆ ಸಾಲದಲ್ಲಿ ಮುಳುಗಿತು. 2017ರಲ್ಲಿ ಅಲ್ಲಿನ ಸಂಸತ್ತು 1,600 ಕೋಟಿ ಡಾಲರ್ ಸಾಲವನ್ನು ಮನ್ನಾ ಮಾಡಬೇಕಾಯಿತು. ಕಂತನ್ನು ಏರಿಸಲು 2012ರಲ್ಲಿ ಬಂದ ಕಾಯಿದೆಯನ್ನು ಜನರ ವಿರೋಧದಿಂದಾಗಿ 2014ರಲ್ಲಿ ಸಡಿಲಿಸಲಾಯಿತು. 2021ರ ಅಕ್ಟೋಬರ್‌ನಿಂದ ಪ್ರತಿ ಮನೆಯ ಅಪಾಯವನ್ನು ಪ್ರತ್ಯೇಕವಾಗಿ ಅಳೆದು ಕಂತು ನಿಗದಿಪಡಿಸುವ ಪದ್ಧತಿ ಜಾರಿಗೆ ಬಂತು.

ಇನ್ನೊಂದು ಮಾರ್ಗವೂ ಉಂಟು. 2012ರ ಸ್ಯಾಂಡಿ ಚಂಡಮಾರುತದ ಬಳಿಕ ನ್ಯೂಜೆರ್ಸಿ ರಾಜ್ಯವು, ಮಾರಲು ಒಪ್ಪಿದವರ ಮನೆಗಳನ್ನು ನೆರೆಪೂರ್ವದ ಬೆಲೆಗೆ ಕೊಂಡು, ಕೆಡವಿ, ಆ ನೆಲವನ್ನು ಬಯಲಾಗಿಯೇ ಉಳಿಸಿತು.

ಬ್ರಿಟನ್ನಿನ ಕ್ರಮ

2016ರಲ್ಲಿ ಆರಂಭವಾದ 'ಫ್ಲಡ್ ರೀ' ವ್ಯವಸ್ಥೆಯು ನೆರೆಪ್ರದೇಶದ ಮನೆಗಳ ಕಂತನ್ನು ಮಿತಿಯಲ್ಲಿಡುತ್ತದೆ. ಆದರೆ 2009ರ ಜನವರಿ 1ರಿಂದ ಈಚೆಗೆ ಕಟ್ಟಿದ ಮನೆಗಳಿಗೆ ಈ ಸೌಲಭ್ಯವಿಲ್ಲ. ಅಪಾಯವನ್ನು ಅರಿತೂ ತಗ್ಗಿನಲ್ಲಿ ಕಟ್ಟಿದವರ ಹೊರೆಯನ್ನು ಇತರರು ಹೊರಬೇಕಿಲ್ಲವೆಂಬುದೇ ಇದರ ತಾತ್ಪರ್ಯ.

ನಮ್ಮ ನಾಡಿನಲ್ಲಿ

2009ರ ಅಕ್ಟೋಬರ್ ನೆರೆಯ ಬಳಿಕ ಕರ್ನಾಟಕ ಸರಕಾರವು 'ಆಸರೆ' ಯೋಜನೆಯಡಿ ಉತ್ತರ ಕರ್ನಾಟಕದ ಹಲವು ಗ್ರಾಮಗಳನ್ನು ಎತ್ತರದ ಜಾಗಕ್ಕೆ ಸ್ಥಳಾಂತರಿಸಲು ಹೊರಟಿತು. ಹೊಲಗದ್ದೆಗಳಿಂದ ದೂರವಾಗಲು ಅನೇಕರು ಹಿಂಜರಿದರು. ಮನೆಯೆಂದರೆ ಬರಿಯ ಗೋಡೆ, ಮಾಡು ಅಲ್ಲ. ದುಡಿಮೆಯೂ ನೆರೆಹೊರೆಯೂ ಅದರೊಡನೆ ಬೆಸೆದಿರುತ್ತವೆ.

ನಮ್ಮ ಅಭಿಪ್ರಾಯ

ವಿಮೆ ಪರಿಹಾರ ಕೊಡಲೇಬೇಕು. ಆದರೆ ಅದು ಅದೇ ತಗ್ಗಿಗೆ ಮನುಷ್ಯನನ್ನು ಕಟ್ಟಿಹಾಕುವ ಹಗ್ಗವಾಗಬಾರದು. ಮೊದಲ ಸಲ ಮುಳುಗಿದಾಗ ಎತ್ತರಿಸಿ ಕಟ್ಟಲು ನೆರವು ಸಿಗಲಿ. ಮತ್ತೆ ಮುಳುಗಿದರೆ ಆ ಹಣದಿಂದಲೇ ಬೇರೆಡೆ ನೆಲೆಸುವ ಅವಕಾಶವಿರಲಿ. ಬಡವರಿಗೆ ಸಲ್ಲಬೇಕಾದ ನೆರವನ್ನು ಸರಕಾರ ಬೊಕ್ಕಸದಿಂದ ಬಹಿರಂಗವಾಗಿಯೇ ನೀಡಲಿ. ಅಗ್ಗದ ಕಂತಿನ ಮರೆಯಲ್ಲಿ ಅಪಾಯವನ್ನು ಮುಚ್ಚಿಡುವುದು ಬೇಡ.

ಓದುಗರಿಗೊಂದು ಸೂಚನೆ: 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ನೆರೆಹಾನಿಯೂ ಸೇರಿದೆ. ಹೌಸಿಂಗ್ ಸೊಸೈಟಿಯ ವಿಮೆ ಸಾಮಾನ್ಯವಾಗಿ ಕಟ್ಟಡಕ್ಕೆ ಸಂಬಂಧಿಸಿದುದು. ಮನೆಯೊಳಗಿನ ಸಾಮಾನುಗಳಿಗೆ ರಕ್ಷಣೆ ಇದೆಯೇ ಎಂಬುದನ್ನು ಮಳೆಗಾಲಕ್ಕೆ ಮುನ್ನವೇ ವಿಚಾರಿಸಿಕೊಳ್ಳುವುದು ಲೇಸು.